ಚಂದ್ರನ ಕಲೆಗಳೂ ಕಡಲಿನ ಬಲೆಗಳೂ

ಕರಾವಳಿಯ ಮೀನುಗಾರರು ತಿಥಿಯನ್ನು ನೋಡದೆ ಬಲೆಗೆ ಕೈ ಹಾಕುವುದಿಲ್ಲವೆಂಬ ಮಾತು ಘಟ್ಟದ ಮೇಲಿನ ನಮ್ಮ ಓದುಗರಲ್ಲಿ ಕೆಲವರಿಗೆ ವಿನೋದವಾಗಿ ತೋರಬಹುದು. ಮದುವೆ ಮುಂಜಿಗಳಿಗೆ ತಿಥಿ ಬೇಕು, ಒಪ್ಪಿದೆವು. ಮೀನು ಹಿಡಿಯುವುದಕ್ಕೂ ತಿಥಿಯೇ ಎಂದು ನಗುವವರುಂಟು. ನಾಲ್ಕಕ್ಷರ ಕಲಿತವರು ಇದನ್ನು ಮೂಢನಂಬಿಕೆಗಳ ಪಟ್ಟಿಯಲ್ಲಿ ಸೇರಿಸಿ ಕೈತೊಳೆದುಕೊಳ್ಳುವುದೂ ಉಂಟು. ಆದರೆ ತಲೆತಲಾಂತರದಿಂದ ಕಡಲನ್ನೇ ನಂಬಿ ಬದುಕಿದ ಒಂದು ಜನವರ್ಗವು ಹುಸಿಯಾದ ಲೆಕ್ಕವೊಂದನ್ನು ಇಷ್ಟು ಕಾಲ ಹೊತ್ತು ತಿರುಗಿದ್ದೀತೆ? ಹಾಗೆ ತಿರುಗಿದ್ದರೆ ಅವರ ಒಲೆ ಉರಿದೀತೆ? ಈ ವಿಷಯವನ್ನು ನಗೆಯಿಂದ ತಳ್ಳಿಹಾಕದೆ, ಕುರುಡು ಭಕ್ತಿಯಿಂದ ಒಪ್ಪಿಕೊಳ್ಳದೆ, ಸಾವಧಾನವಾಗಿ ವಿಚಾರಿಸಬೇಕೆಂಬುದು ನಮ್ಮ ಅಭಿಮತ. ಇದರ ಹಿಂದೆ ಸಾವಿರಾರು ಸಂಸಾರಗಳ ಅನ್ನದ ಪ್ರಶ್ನೆಯೊಂದು ಅಡಗಿರುವುದರಿಂದ ಈ ವಿಚಾರಣೆಯು ಇಂದು ಅಗತ್ಯವೂ ಆಗಿದೆ.

ಚಂದ್ರನು ಕಡಲಿನ ಮೇಲೆ ಎರಡು ಬಗೆಯಲ್ಲಿ ತನ್ನ ಪ್ರಭಾವವನ್ನು ಬೀರುತ್ತಾನೆ. ಒಂದು ಅವನ ಸೆಳೆತ. ಇನ್ನೊಂದು ಅವನ ಬೆಳಕು. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿದರೆ ಮೀನುಗಾರರ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದು ಸ್ಪಷ್ಟವಾಗುವುದು.

ಮೊದಲು ಸೆಳೆತದ ಮಾತು. ಉಬ್ಬರ ಇಳಿತಗಳಿಗೆ ಚಂದ್ರಸೂರ್ಯರ ಆಕರ್ಷಣೆಯೇ ಕಾರಣವೆಂದು ನ್ಯೂಟನ್ ಪಂಡಿತನು 1687ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಗಣಿತಮೂಲಕ ವಿವರಿಸಿದನು. ಉಬ್ಬರವನ್ನೆಬ್ಬಿಸುವ ಶಕ್ತಿಯಲ್ಲಿ ಸೂರ್ಯನದು ಚಂದ್ರನ ಶಕ್ತಿಯ ಅರ್ಧಕ್ಕಿಂತಲೂ ಸ್ವಲ್ಪ ಕಡಿಮೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಭೂಮಿ, ಚಂದ್ರ, ಸೂರ್ಯರು ಸರಿಸುಮಾರು ಒಂದೇ ಸಾಲಿನಲ್ಲಿ ಬರುವುದರಿಂದ ಎರಡು ಸೆಳೆತಗಳೂ ಕೂಡಿ ನೀರು ಬಹಳ ಏರಿ ಬಹಳ ಇಳಿಯುತ್ತದೆ. ಅಷ್ಟಮಿಗಳಲ್ಲಿ ಒಂದು ಸೆಳೆತವು ಇನ್ನೊಂದಕ್ಕೆ ಅಡ್ಡವಾಗಿ ನಿಲ್ಲುವುದರಿಂದ ನೀರಿನ ಓಟವು ಮಂದವಾಗುತ್ತದೆ. ಖಂಭಾತದ ಕೊಲ್ಲಿಯ ಭಾವನಗರದಲ್ಲಿ ದೊಡ್ಡ ಉಬ್ಬರದ ನೀರು ಹತ್ತು ಮೀಟರಿನ ಸುಮಾರಿಗೆ ಏರುವುದುಂಟು. ನಮ್ಮ ಕಾರವಾರದ ಕಡೆ ಅದು ಒಂದೂವರೆ ಎರಡು ಮೀಟರಿನಷ್ಟು. ಕೊಚ್ಚಿಯ ಕಡೆ ಹೋದರೆ ಇನ್ನೂ ಕಡಿಮೆ. ಅಲ್ಪವೆಂದು ತೋರುವ ಈ ಒಂದೆರಡು ಮೀಟರುಗಳೇ ನಮ್ಮ ಅಳಿವೆಗಳ ಬದುಕನ್ನೆಲ್ಲ ನಡೆಸುತ್ತವೆ.

ಕೊಂಕಣ ತೀರದ ನಾವಿಕರಲ್ಲಿ ಒಂದು ಬಾಯಿಲೆಕ್ಕವುಂಟು. ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿದರೆ ಬರುವ ಸಂಖ್ಯೆಯೇ ಉಬ್ಬರವು ತುಂಬುವ ಗಂಟೆ. ಪಂಚಮಿಯಾದರೆ ಮೂರೂಮುಕ್ಕಾಲು, ಅಷ್ಟಮಿಯಾದರೆ ಆರು, ಹುಣ್ಣಿಮೆಯಾದರೆ ಹನ್ನೊಂದೂಕಾಲು. ಹಗಲಿಗೂ ಇರುಳಿಗೂ ಹೆಚ್ಚು ಕಡಿಮೆ ಇದೇ ಲೆಕ್ಕ. ಊರಿಂದೂರಿಗೆ ಸ್ವಲ್ಪ ಹಿಂದುಮುಂದಾದರೂ ಲೆಕ್ಕದ ತಿರುಳು ಸರಿಯಾದುದೇ. ಏಕೆಂದರೆ ಚಂದ್ರನು ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತಾನೆ. ಅವನ ಹಿಂದೆಯೇ ಉಬ್ಬರವೂ ತಡವಾಗುತ್ತದೆ. ಪಾಠಶಾಲೆಯಲ್ಲಿ ನಾವು ಮುಕ್ಕಾಲಿನ ಮಗ್ಗಿಯನ್ನು ಬೆತ್ತದ ಭಯದಿಂದ ಬಾಯಿಪಾಠ ಮಾಡಿದೆವು; ಅದರಿಂದ ಕಡಲಿನ ಗಡಿಯಾರವನ್ನು ಓದಬಹುದೆಂದು ನಮಗೆ ಯಾರೂ ಹೇಳಿಕೊಡಲಿಲ್ಲ. ಶಾಲೆಯ ಮೆಟ್ಟಿಲನ್ನೇ ಹತ್ತದ ಅಂಬಿಗನು ಅದನ್ನು ಬಲ್ಲನು.

ಕುಮಟೆಯ ಬಳಿ ಅಘನಾಶಿನಿಯ ಅಳಿವೆಯಲ್ಲಿ, ನೀರಿಳಿದಾಗ ತೆರೆದುಕೊಳ್ಳುವ ಕೆಸರು ದಿಬ್ಬಗಳ ಮೇಲೆ ಹೆಂಗಸರು ಬಳಚನ್ನು, ಎಂದರೆ ಚಿಪ್ಪುಮೀನನ್ನು, ಆಯುತ್ತಾರೆ. ದೋಣಿಯಿಲ್ಲದವರಿಗೂ ಬಲೆಯಿಲ್ಲದವರಿಗೂ ದೊರೆಯುವ ಸಂಪಾದನೆಯಿದು. ಒಂದು ಅಷ್ಟಮಿಯ ಮಧ್ಯಾಹ್ನ ನಾವು ಆ ದಂಡೆಯಲ್ಲಿ ನಿಂತಿದ್ದಾಗ ಬುಟ್ಟಿ ಹಿಡಿದು ಸುಮ್ಮನೆ ಕುಳಿತಿದ್ದ ವೃದ್ಧೆಯೊಬ್ಬಳನ್ನು, "ಏನಮ್ಮಾ, ಇಂದು ನೀರಿಗಿಳಿಯುವುದಿಲ್ಲವೆ?" ಎಂದು ಕೇಳಿದೆವು. "ಇವತ್ತು ಎಂತ ಸಿಗ್ತದೆ ರಾಯರೇ? ಅಷ್ಟಮಿ ಅಲ್ವಾ, ನೀರು ಸರಿಯಾಗಿ ಇಳಿಯುದೇ ಇಲ್ಲ. ಹುಣ್ಣಿಮೆ ಕಳೆದ ಮಾರನೇ ದಿನ ಬನ್ನಿ, ಅಲ್ಲಿವರೆಗೆ ನಡ್ಕೊಂಡು ಹೋಗ್ಬಹುದು" ಎಂದು ಆಕೆ ಹೊಳೆಯ ನಡುವನ್ನು ತೋರಿಸಿದಳು. ಹುಣ್ಣಿಮೆಯೆನ್ನಲಿಲ್ಲ, ಹುಣ್ಣಿಮೆ ಕಳೆದ ಮಾರನೆಯ ದಿನವೆಂದಳು. ಅತಿ ದೊಡ್ಡ ಉಬ್ಬರ ಇಳಿತಗಳು ಪರ್ವದ ದಿನಕ್ಕಿಂತ ಒಂದೆರಡು ದಿನ ತಡವಾಗಿ ಬರುತ್ತವೆಂಬುದು ಕಡಲಿನ ಶಾಸ್ತ್ರಜ್ಞರೂ ಒಪ್ಪಿರುವ ಸಂಗತಿ. ಆ ತಾಯಿಗೆ ಅದನ್ನು ಕಲಿಸಿದ ಗುರು ಆ ಹೊಳೆಯೇ.

ಇದೇ ಪ್ರದೇಶದ ಗಜನಿ ಭೂಮಿಗಳಲ್ಲಿ ಮಳೆಗಾಲದಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುವುದೂ, ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು ಇಳಿತದಲ್ಲಿ ತೂಬಿನ ಬಾಯಿಗೆ ಬಲೆ ಕಟ್ಟಿ ಸಿಗಡಿ ಮೀನುಗಳನ್ನು ಹಿಡಿಯುವುದೂ ಹಳೆಯ ಪದ್ಧತಿ. ಅಮಾವಾಸ್ಯೆ ಹುಣ್ಣಿಮೆಗಳ ಸುತ್ತಿನ ರಭಸದ ನೀರಿನಲ್ಲಿಯೇ ಈ ಬಲೆ ತುಂಬುವುದು. ಇಲ್ಲಿ ಚಂದ್ರನ ಪ್ರಭಾವವು ನಂಬಿಕೆಯ ಮಾತಲ್ಲ, ಬುಟ್ಟಿಯಲ್ಲಿ ತೂಗಿ ನೋಡಬಹುದಾದ ಮಾತು.

ಇನ್ನು ಬೆಳಕಿನ ವಿಚಾರ. ಹುಣ್ಣಿಮೆಯ ಬೆಳಕು ಸೂರ್ಯನ ಬೆಳಕಿನ ನಾಲ್ಕು ಲಕ್ಷದಲ್ಲೊಂದು ಪಾಲಿನಷ್ಟು ಮಾತ್ರ. ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧವೂ ಅಲ್ಲ, ಸುಮಾರು ಹತ್ತರಲ್ಲೊಂದು ಪಾಲು. ಆದರೂ ಕಡಲಿನ ಜೀವಿಗಳ ಕಣ್ಣಿಗೆ ಅಷ್ಟೇ ಸಾಕು. ಸಮುದ್ರದಲ್ಲಿ ತೇಲುವ ಅಸಂಖ್ಯ ಕಿರುಜೀವಿಗಳು ಹಗಲಲ್ಲಿ ತಮ್ಮನ್ನು ತಿನ್ನುವವರ ಕಣ್ಣು ತಪ್ಪಿಸಿ ಆಳಕ್ಕಿಳಿದಿದ್ದು ರಾತ್ರಿ ಮೇಲಕ್ಕೆ ಬರುತ್ತವೆ. ಬೆಳದಿಂಗಳಿರುವ ರಾತ್ರಿಗಳಲ್ಲಿ ಅವು ಪೂರ್ತಿಯಾಗಿ ಮೇಲಕ್ಕೆ ಬರಲಂಜುತ್ತವೆ; ಅವನ್ನು ತಿಂದು ಬದುಕುವ ಮೀನುಗಳೂ ಕೆಳಗೇ ಉಳಿಯುತ್ತವೆ. ತಿಂಗಳುಗಟ್ಟಲೆ ಸೂರ್ಯನೇ ಮೂಡದ ಉತ್ತರ ಧ್ರುವದ ಚಳಿಗಾಲದಲ್ಲಿ ಕೂಡ ಈ ಜೀವಿಗಳು ಚಂದ್ರನ ಬೆಳಕನ್ನನುಸರಿಸಿ ಏರಿಳಿಯುವುದನ್ನು ವಿಜ್ಞಾನಿಗಳು 2016ರಲ್ಲಿ ಪ್ರಕಟಪಡಿಸಿದರು. ಅದೂ ಅಲ್ಲದೆ, ನೀರಿನಲ್ಲಿ ಗೋಡೆಯಂತೆ ಇಳಿಬಿಟ್ಟ ಬಲೆಯು ಬೆಳದಿಂಗಳಿನಲ್ಲಿ ಮೀನಿನ ಕಣ್ಣಿಗೆ ಬೀಳುತ್ತದೆ. ಕತ್ತಲೆಯ ರಾತ್ರಿಯಲ್ಲಾದರೋ ಬಂಗಡೆ, ತಾರ್ಲೆಗಳ ಹಿಂಡು ಚಲಿಸಿದಾಗ ನೀರಿನಲ್ಲಿ ಹೊಳಪೇಳುತ್ತದೆ; ಆ ಹೊಳಪನ್ನು ನೋಡಿಯೇ ಅನುಭವಿಯು ಹಿಂಡಿನ ಗಾತ್ರವನ್ನೂ ಜಾಡನ್ನೂ ಅಳೆಯುತ್ತಾನೆ. ಅಮಾವಾಸ್ಯೆಯ ಇರುಳು ನಾಡದೋಣಿಯವನಿಗೆ ಪ್ರಿಯವಾದುದು ನಿಷ್ಕಾರಣವಾಗಿ ಅಲ್ಲ.

ಹಾಗೆಂದು ಎಲ್ಲವನ್ನೂ ಚಂದ್ರನ ತಲೆಗೇ ಕಟ್ಟುವುದು ಸರಿಯಲ್ಲ. ಅಮೆರಿಕದ ಜಾನ್ ಆಲ್ಡೆನ್ ನೈಟ್ ಎಂಬಾತನು 1926ರಲ್ಲಿ ಆರಂಭಿಸಿ, ಚಂದ್ರಸೂರ್ಯರ ಗತಿಯಿಂದ ಮೀನು ಗಾಳ ಕಚ್ಚುವ ವೇಳೆಯನ್ನೇ ಮುಂಗಡವಾಗಿ ಹೇಳುವೆನೆಂದು ಕೋಷ್ಟಕಗಳನ್ನು ರಚಿಸಿದನು. ಅವು ಇಂದಿಗೂ ಮಾರಾಟವಾಗುತ್ತಿವೆ. ಆದರೆ ಉತ್ತರ ಅಮೆರಿಕದ ಮಸ್ಕಿ ಎಂಬ ಸರೋವರ ಮೀನಿನ ಮೂರು ಲಕ್ಷಕ್ಕೂ ಮಿಕ್ಕ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಹಿಡಿತವು ಹೆಚ್ಚುವುದು ನಿಜವಾದರೂ ಆ ಹೆಚ್ಚಳವು ಬಹಳವೆಂದರೆ ನೂರಕ್ಕೆ ಐದರಷ್ಟು ಎಂದು ಕಂಡುಬಂದಿತು. ಉಬ್ಬರವಿಲ್ಲದ ಸರೋವರದ ಮಾತು ಹಾಗಾದರೆ, ನಮ್ಮ ಕಡಲಿನಲ್ಲಿ ಗಾಳಿ, ಮಳೆ, ನೀರಿನ ಶಾಖ, ಮೀನಿನ ಆಹಾರ ಇವೆಲ್ಲವೂ ಸೇರಿ ಫಸಲನ್ನು ನಿರ್ಣಯಿಸುತ್ತವೆ. ತಾರ್ಲೆಯು ಕೆಲವು ವರ್ಷ ಹೇರಳವಾಗಿ ಬಂದು ಕೆಲವು ವರ್ಷ ಮಾಯವಾಗುವುದನ್ನು ತಿಂಗಳಿಗೊಮ್ಮೆ ಬರುವ ಹುಣ್ಣಿಮೆಯು ವಿವರಿಸಲಾರದು. ಚಂದ್ರನು ಮೀನನ್ನು ಹುಟ್ಟಿಸುವವನಲ್ಲ. ಇರುವ ಮೀನು ಯಾವಾಗ, ಎಲ್ಲಿ, ಎಷ್ಟು ಆಳದಲ್ಲಿ ದೊರೆತೀತೆಂಬುದನ್ನು ಸೂಚಿಸುವವನು, ಅಷ್ಟೇ.

ಈಗ ನಾವು ಮುಖ್ಯ ಪ್ರಶ್ನೆಗೆ ಬರೋಣ. ಕತ್ತಲೆಯ ರಾತ್ರಿಯಲ್ಲಿ ದೀಪ ತೋರಿಸಿದರೆ ಮೀನು ಅದರತ್ತ ಬರುವುದೆಂಬುದು ಹಳೆಯ ತಿಳಿವಳಿಕೆ. ಆಫ್ರಿಕದ ಟಾಂಗನೀಕಾ ಸರೋವರದ ಬೆಸ್ತರು ದೀಪವಿಟ್ಟೇ ಮೀನು ಹಿಡಿಯುತ್ತಾರೆ. ಆದರೆ ಹುಣ್ಣಿಮೆಯ ಸುತ್ತ ಕೆಲವು ದಿನ ಬೆಳದಿಂಗಳ ಮುಂದೆ ದೀಪವು ನಿಷ್ಫಲವಾಗುವುದರಿಂದ ದಡ ಸೇರಿ ಬಲೆ ಹೊಲೆಯುತ್ತಾರೆ. ಹೀಗೆ ಮೀನಿಗೂ ಮನುಷ್ಯನಿಗೂ ಚಂದ್ರನೇ ತಿಂಗಳ ರಜೆಯನ್ನು ಕೊಡುತ್ತಿದ್ದನು. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಬೇ ಎಂಬಲ್ಲಿಯ ಸಿಗಡಿ ಮೀನುಗಾರಿಕೆಯಲ್ಲಿ ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಬಲೆ ಎಳೆಯುವುದನ್ನು ನಿಯಮದಿಂದಲೇ ನಿಲ್ಲಿಸುತ್ತಾರೆ. ಅಲ್ಲಿ ಚಂದ್ರನ ಗತಿಯು ಕಾಯಿದೆಯ ಮರ್ಯಾದೆಯನ್ನೇ ಪಡೆದಿದೆ.

ನಮ್ಮಲ್ಲಾದರೋ ಯಂತ್ರದ ದೋಣಿಗಳ ಮೇಲೆ ವಿದ್ಯುದುತ್ಪಾದಕ ಯಂತ್ರಗಳನ್ನೇರಿಸಿ, ಪ್ರಖರವಾದ ಎಲ್.ಇ.ಡಿ. ದೀಪಗಳನ್ನುರಿಸಿ, ದೊಡ್ಡ ಬಲೆಗಳಿಂದ ಸುತ್ತುವರಿಯುವ ಪದ್ಧತಿ ಬಂದಿತು. ಆ ಬೆಳಕಿಗೆ ದೊಡ್ಡ ಮೀನು ಮಾತ್ರವೇ ಬರುವುದಿಲ್ಲ. ಇನ್ನೂ ಮೊಟ್ಟೆಯಿಡದ ಮರಿಗಳೂ ಬರುತ್ತವೆ. ಒಂದು ರಾತ್ರಿಯ ಲಾಭಕ್ಕಾಗಿ ಮುಂದಿನ ವರ್ಷದ ಬೀಜವನ್ನೇ ಬೇಯಿಸಿ ತಿಂದಂತಾಗುತ್ತದೆ. ಇದನ್ನು ಮನಗಂಡೇ ಕೇಂದ್ರ ಸರಕಾರದವರು 2017ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ದೇಶದ ಆರ್ಥಿಕ ವಲಯದ ಸಮುದ್ರದಲ್ಲೆಲ್ಲ ಇಂತಹ ದೀಪಗಳ ಮೀನುಗಾರಿಕೆಯನ್ನು ನಿಷೇಧಿಸಿದರು. ಕರ್ನಾಟಕದಲ್ಲಿ ಕಡಲ ಮೀನುಗಾರಿಕೆಯ ನಿಯಂತ್ರಣಕ್ಕೆ 1986ರ ಕಾಯಿದೆಯೂ ಇದೆ. ಕಾಯಿದೆಯಿದೆ, ಆಜ್ಞೆಯಿದೆ, ಆದರೂ ನಾಡದೋಣಿಯವರು ಈ ದೀಪಗಳ ವಿರುದ್ಧ ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿ ಬಂದಿತು. ಪಾಲಿಸದ ಆಜ್ಞೆಯು ಕಾಗದಕ್ಕೆ ಭಾರ.

ಇಲ್ಲಿ ಅನ್ಯಾಯದ ಬಗೆಯನ್ನು ಓದುಗರು ಗಮನಿಸಬೇಕು. ಕತ್ತಲೆಯ ಪಕ್ಷದ ರಾತ್ರಿಗಳೇ ಬಡ ಮೀನುಗಾರನ ಸಂಪಾದನೆಯ ರಾತ್ರಿಗಳು. ಅವನ ಬಂಡವಾಳವೆಂದರೆ ಒಂದು ದೋಣಿ, ಒಂದು ಬಲೆ, ಮತ್ತು ಚಂದ್ರನ ಗತಿಯ ತಿಳಿವಳಿಕೆ. ಅದೇ ಕತ್ತಲೆಯನ್ನು ದೀಪದವನು ಹಣದ ಬಲದಿಂದ ಕಸಿದುಕೊಂಡರೆ ಇವನ ತಲೆಮಾರುಗಳ ವಿದ್ಯೆಯು ಒಂದೇ ರಾತ್ರಿಯಲ್ಲಿ ನಿರರ್ಥಕವಾಗುತ್ತದೆ. ದೀಪದ ದೋಣಿಯವರೂ ನಮ್ಮವರೇ. ಅವರಲ್ಲಿಯೂ ಸಾಲದ ಹೊರೆ ಹೊತ್ತವರಿದ್ದಾರೆ. ಅವರನ್ನು ಶತ್ರುಗಳೆಂದು ನಾವು ಬಗೆಯುವುದಿಲ್ಲ. ಆದರೆ ಒಬ್ಬನ ಸಾಲ ತೀರಿಸಲು ಹತ್ತು ಮನೆಗಳ ಬಲೆ ಬರಿದಾಗುವುದು ಧರ್ಮವೂ ಅಲ್ಲ, ದೇಶಹಿತವೂ ಅಲ್ಲ. ಇಂದು ನಾಡದೋಣಿಯವನ ಬಲೆ ಬರಿದಾದರೆ ನಾಳೆ ದೀಪದವನ ಬಲೆಯೂ ಬರಿದಾಗುವುದು ನಿಶ್ಚಯ.

ಆದಕಾರಣ ನಾವು ಸರಕಾರದವರಲ್ಲಿಯೂ ಜನತೆಯಲ್ಲಿಯೂ ಮೂರು ವಿಷಯಗಳನ್ನು ವಿಜ್ಞಾಪಿಸುತ್ತೇವೆ. ಮೊದಲನೆಯದಾಗಿ, ದೀಪಗಳ ನಿಷೇಧವನ್ನು ಮುಖ ನೋಡದೆ ಜಾರಿಗೆ ತರಬೇಕು. ಬಂದರಿನಲ್ಲಿಯೇ ದೀಪಗಳನ್ನೂ ಯಂತ್ರಗಳನ್ನೂ ತಪಾಸಣೆ ಮಾಡಿದರೆ ಕಡಲಿನಲ್ಲಿ ಬೆನ್ನಟ್ಟುವ ಶ್ರಮವು ಉಳಿಯುವುದು. ಎರಡನೆಯದಾಗಿ, ಭಾರತೀಯ ಸರ್ವೇಕ್ಷಣ ಇಲಾಖೆಯವರು ವರ್ಷಂಪ್ರತಿ ಸಿದ್ಧಪಡಿಸುವ ಉಬ್ಬರ ಇಳಿತದ ಕೋಷ್ಟಕಗಳು ಕನ್ನಡದಲ್ಲಿ, ತಿಥಿಗಳೊಡನೆ, ಪ್ರತಿಯೊಂದು ಮೀನುಗಾರರ ಸಂಘದ ಗೋಡೆಯ ಮೇಲೂ ತೂಗಬೇಕು. ಮೂರನೆಯದಾಗಿ, ವೃದ್ಧ ಮೀನುಗಾರರ ಬಾಯಿಲೆಕ್ಕಗಳನ್ನು ಸಂಗ್ರಹಿಸಿ ಪರೀಕ್ಷಿಸಬೇಕು. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನ ಸಂಸ್ಥೆಯೂ, ನೀರಿನ ಶಾಖವನ್ನೂ ಹಸಿರನ್ನೂ ಆಕಾಶದಿಂದ ಅಳೆದು ಮೀನಿನ ಸ್ಥಾನವನ್ನು ಸೂಚಿಸುವ ಹೈದರಾಬಾದಿನ ಕೇಂದ್ರವೂ ನಮ್ಮಲ್ಲಿವೆ. ಉಪಗ್ರಹದ ಕಣ್ಣೂ ಆ ವೃದ್ಧೆಯ ಅನುಭವವೂ ಕೂಡಿ ಕೆಲಸ ಮಾಡಲಾರವೆ?

ಶ್ರಾವಣದ ನೂಲುಹುಣ್ಣಿಮೆಯಂದು ನಮ್ಮ ಕರಾವಳಿಯ ಮೀನುಗಾರರು ಕಡಲಿಗೆ ತೆಂಗಿನಕಾಯಿಯನ್ನರ್ಪಿಸಿ ಹೊಸ ವರ್ಷದ ದುಡಿಮೆಗೆ ಅನುಜ್ಞೆ ಬೇಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗಿರುವ 61 ದಿನಗಳ ನಿಷೇಧವು ಕಳೆದ ಮೇಲೆ ಪ್ರಾಯಶಃ ಈ ಹಬ್ಬವು ಬರುತ್ತದೆ. ಅಂದು ನಾಡದೋಣಿಯವರೂ ಯಂತ್ರದ ದೋಣಿಯವರೂ ಒಂದೇ ದಂಡೆಯ ಮೇಲೆ ಕೈಮುಗಿದು ನಿಲ್ಲುತ್ತಾರೆ. ಕಾಯಿಯನ್ನು ನೀರಿಗೆ ಬಿಡುವ ಮುನ್ನ ದೀಪಗಳನ್ನು ದಡದಲ್ಲಿಯೇ ಬಿಡುವೆವೆಂಬ ಸಂಕಲ್ಪವನ್ನೂ ಅವರೆಲ್ಲರೂ ಕೂಡಿ ಮಾಡಲಿ. ಅದನ್ನು ನಡೆಸಿಕೊಡುವ ಹೊಣೆಯನ್ನು ಸರಕಾರವು ಹೊರಲಿ.