ಹಿಮದ ಹಾದಿಗೆ ಚೆಲ್ಲುವ ಉಪ್ಪು: ತಪ್ಪು ಕಲ್ಪನೆ ಮತ್ತು ಸತ್ಯ

ಡೆಟ್ರಾಯಿಟ್, ಶಿಕಾಗೊ, ಟೊರಾಂಟೊ ಮೊದಲಾದ ನಗರಗಳ ಹಿಮಗಾಲವನ್ನು ಕಂಡವರೆಲ್ಲರೂ, ಅಲ್ಲಿ ನೆಲೆಸಿರುವ ಕನ್ನಡಿಗರೂ ಸಹ, ರಸ್ತೆಯ ಮೇಲೆ ಉಪ್ಪು ಬೀಳುವುದನ್ನೂ ಆ ಉಪ್ಪು ವಾಹನದ ಅಡಿಯನ್ನು ತಿನ್ನುವುದನ್ನೂ ಬಲ್ಲರು. 1938ರಲ್ಲಿ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನವು ಪ್ರಯೋಗಾರ್ಥವಾಗಿ ಕೈಗೊಂಡ ಈ ಪದ್ಧತಿಯು, ಹೆದ್ದಾರಿಗಳು ಹಬ್ಬಿದಂತೆಲ್ಲ ತಾನೂ ಹಬ್ಬಿ, ಇಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪನ್ನು ಬೇಡುತ್ತಿದೆ. ಜಾರದ ರಸ್ತೆಯು ಪ್ರಾಣಗಳನ್ನು ಉಳಿಸುವುದರಿಂದ ಇದನ್ನು ಹಳಿಯುವುದು ಸಲ್ಲದು. ಆದರೆ ಇದರ ಗುಣವನ್ನು ಕುರಿತು ಬೇರೂರಿರುವ ಕೆಲವು ಭ್ರಮೆಗಳು ವಾಹನಕ್ಕೂ ಅದರೊಳಗೆ ಕುಳಿತವರಿಗೂ ಅಪಾಯವನ್ನು ತರತಕ್ಕವು.

ತಪ್ಪು ಕಲ್ಪನೆ: ಉಪ್ಪು ತನ್ನ ಕಾವಿನಿಂದ ಮಂಜುಗಡ್ಡೆಯನ್ನು ಕರಗಿಸುತ್ತದೆ.

ಸತ್ಯ: ಸಾಮಾನ್ಯ ಉಪ್ಪು ನೀರಿನಲ್ಲಿ ಕರಗುವಾಗ ಶಾಖವನ್ನು ಕೊಡುವುದಿಲ್ಲ, ಕೊಂಚ ಹೀರಿಕೊಳ್ಳುತ್ತದೆ. ಮಂಜುಗಡ್ಡೆಯ ಮೇಲಿನ ತೆಳುವಾದ ನೀರಿನ ಪದರದಲ್ಲಿ ಅದು ಬೆರೆತು ಲವಣಜಲವಾದಾಗ, ಆ ಜಲದ ಘನೀಭವನ ಬಿಂದುವು ಇಳಿಯುವುದರಿಂದ, ಹೆಪ್ಪುಗಟ್ಟಬೇಕಾದ ಚಳಿಯಲ್ಲಿಯೂ ನೀರು ನೀರಾಗಿಯೇ ಉಳಿಯುತ್ತದೆ. ಈ ತತ್ತ್ವವನ್ನರಿತೇ ಇಂದಿನ ರಸ್ತೆಪಾಲಕರು ಹಿಮ ಬೀಳುವ ಮುನ್ನವೇ ಲವಣಜಲವನ್ನು ಸಿಂಪಡಿಸಿ, ಮಂಜು ನೆಲಕ್ಕೆ ಅಂಟದಂತೆ ಮಾಡುತ್ತಾರೆ. ಅದರಿಂದ ಉಪ್ಪಿನ ವ್ಯಯವೂ ತಗ್ಗುತ್ತದೆ.

ತಪ್ಪು ಕಲ್ಪನೆ: ಎಂತಹ ಚಳಿಯಾದರೂ ಉಪ್ಪನ್ನು ಹೆಚ್ಚು ಸುರಿದರೆ ಸಾಕು.

ಸತ್ಯ: ನೂರು ಪಾಲು ಲವಣಜಲದಲ್ಲಿ ಸುಮಾರು 23 ಪಾಲು ಉಪ್ಪಿದ್ದಾಗ ಅದು ಸೊನ್ನೆಗಿಂತ 21 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ದ್ರವವಾಗಿರುತ್ತದೆ, ಅದಕ್ಕೂ ಹೆಚ್ಚು ಸುರಿದುದು ವ್ಯರ್ಥ. ರಸ್ತೆಯ ಮೇಲಾದರೋ, ಸೊನ್ನೆಗಿಂತ 9 ಡಿಗ್ರಿಯಷ್ಟು ಕೆಳಗಿಳಿದಾಗಲೇ ಅದರ ಕಾರ್ಯವು ತೀರ ಮಂದವಾಗುವುದರಿಂದ, ಕ್ಯಾಲ್ಸಿಯಂ ಕ್ಲೋರೈಡನ್ನೋ ಮೆಗ್ನೀಸಿಯಂ ಕ್ಲೋರೈಡನ್ನೋ ಬಳಸಬೇಕಾಗುತ್ತದೆ. ಮರಳು ಮಂಜನ್ನು ಕರಗಿಸದು; ಚಕ್ರಕ್ಕೆ ಹಿಡಿತವನ್ನು ಮಾತ್ರ ಕೊಡುತ್ತದೆ.

ತಪ್ಪು ಕಲ್ಪನೆ: ಒಣಗಿ ಬಿಳಿಯ ಕಲೆಯಾದ ಮೇಲೆ ಲವಣದಿಂದ ಕೇಡಿಲ್ಲ.

ಸತ್ಯ: ಸಾಮಾನ್ಯ ಉಪ್ಪು ಗಾಳಿಯ ತೇವವು ಶೇಕಡಾ 75ನ್ನು ಮೀರಿದಾಗ ತಾನೇ ನೀರನ್ನು ಸೆಳೆದು ಕರಗುತ್ತದೆ, ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡಾ 33ರಷ್ಟು ತೇವವೇ ಸಾಕು. ಆದ್ದರಿಂದ ಒಣಗಿದಂತೆ ತೋರುವ ಸಂದುಗಳಲ್ಲಿಯೂ ಲೋಹವು ಬಹುಕಾಲ ಒದ್ದೆಯಾಗಿಯೇ ಇರುತ್ತದೆ. ಕಾರವಾರ, ಮಂಗಳೂರುಗಳ ಕಡಲ ಗಾಳಿಯಲ್ಲಿ ಕಬ್ಬಿಣವು ಬೇಗನೆ ತುಕ್ಕು ಹಿಡಿಯುವುದಕ್ಕೂ ಕಾರಣವು ಇದೇ ಕ್ಲೋರೈಡು.

ತಪ್ಪು ಕಲ್ಪನೆ: ಬೆಚ್ಚನೆಯ ಗ್ಯಾರೇಜು ವಾಹನವನ್ನು ತುಕ್ಕಿನಿಂದ ಕಾಪಾಡುತ್ತದೆ.

ಸತ್ಯ: ತುಕ್ಕು ವಿದ್ಯುದ್ರಾಸಾಯನಿಕ ಕ್ರಿಯೆ, ಉಷ್ಣವು ಏರಿದಂತೆ ಅದರ ವೇಗವೂ ಏರುವುದು. ಹೊರಗಿನ ಕಡುಚಳಿಯಲ್ಲಿ ಮಂದವಾಗಿದ್ದ ಈ ಕ್ರಿಯೆಯು, ಉಪ್ಪುಬೆರೆತ ಹಿಮವನ್ನು ಹೊತ್ತ ವಾಹನವು ಕಾವಿನ ಕೋಣೆಯನ್ನು ಹೊಕ್ಕೊಡನೆಯೇ ಚುರುಕಾಗುತ್ತದೆ. ತೊಳೆದು ಒಳಗಿರಿಸಿದರೆ ಮಾತ್ರ ಗ್ಯಾರೇಜು ರಕ್ಷಕ.

ತಪ್ಪು ಕಲ್ಪನೆ: ಹೊಸ ಕಾಲದ ವಾಹನಗಳಿಗೆ ಈ ಭಯವಿಲ್ಲ.

ಸತ್ಯ: ಹೊರಮೈಯ ತಗಡಿಗೆ ಸತುವಿನ ಲೇಪವು ಬಂದು ಅದರ ಆಯುಷ್ಯವು ಹೆಚ್ಚಿರುವುದು ನಿಜವಾದರೂ, ಕಲ್ಲು ಸಿಡಿದು ಲೇಪ ಕಿತ್ತುಹೋದೆಡೆಯಲ್ಲಿಯೂ, ಅಡಿಯಲ್ಲಿ ಹಾಯುವ ಬ್ರೇಕಿನ ಹಾಗೂ ಇಂಧನದ ಉಕ್ಕಿನ ಕೊಳವೆಗಳಲ್ಲಿಯೂ ಉಪ್ಪು ತನ್ನ ಕೆಲಸವನ್ನು ನಡೆಸಿಯೇ ಇರುತ್ತದೆ. ಬಾಗಿಲಿನ ತುಕ್ಕು ಅಂದಗೇಡು. ಬ್ರೇಕಿನ ಕೊಳವೆಯ ತುಕ್ಕು ಪ್ರಾಣಾಪಾಯ. 2015ರಲ್ಲಿ ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು, ಚಳಿಗಾಲವಿಡೀ ವಾಹನದ ತಳವನ್ನು ತೊಳೆಯುತ್ತಿರಬೇಕೆಂದೂ ಈ ಕೊಳವೆಗಳನ್ನು ಪರೀಕ್ಷಿಸಬೇಕೆಂದೂ ಹಳೆಯ ವಾಹನಗಳ ಒಡೆಯರನ್ನು ಎಚ್ಚರಿಸಿತು.

ಹಿಮವು ಹೋದೊಡನೆ ಉಪ್ಪಿನ ಕಾಟವೂ ಹೋಯಿತೆಂದು ಬಗೆಯುವುದು ಎಲ್ಲಕ್ಕಿಂತಲೂ ಕೊನೆಯ, ಎಲ್ಲಕ್ಕಿಂತಲೂ ಬೆಲೆ ತೆರಿಸುವ ಭ್ರಮೆ. ವಸಂತದ ಬಿಸಿಲೂ ಮಳೆಯೂ ಕೂಡಿ ಬಂದಾಗಲೇ ಸಂದುಗಳಲ್ಲಿ ಉಳಿದ ಲವಣಕ್ಕೆ ಬೇಕಾದ ತೇವವೂ ಉಷ್ಣವೂ ಒಟ್ಟಿಗೆ ಒದಗುವುದರಿಂದ, ಚಳಿಗಾಲದ ಸ್ನಾನಗಳೆಲ್ಲಕ್ಕಿಂತಲೂ ವಸಂತದ ಆರಂಭದಲ್ಲಿ ವಾಹನದ ತಳಕ್ಕೆ ಮಾಡಿಸುವ ಒಂದು ಸಮಗ್ರ ಪ್ರಕ್ಷಾಲನವನ್ನು ಯಾರೂ ತಪ್ಪಿಸಬಾರದು.