ದಿಗಂತವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಬಗೆ

ಹಂಪೆಯ ಮತಂಗ ಪರ್ವತದ ನೆತ್ತಿಯಲ್ಲಿ ಉತ್ತರಾಭಿಮುಖವಾಗಿ ನಿಂತವರಿಗೆ ಎಡಕ್ಕೆ ವಿರೂಪಾಕ್ಷನ ಗೋಪುರ, ಎದುರಿಗೆ ಬಂಡೆಗಳ ನಡುವೆ ಹರಿಯುವ ತುಂಗಭದ್ರೆ, ಬಲಕ್ಕೆ ತಗ್ಗಿನಲ್ಲಿ ಅಚ್ಯುತರಾಯನ ದೇವಾಲಯ ಕಾಣುತ್ತವೆ. ಕೆಲವು ವರ್ಷಗಳ ಹಿಂದೆ ನಾವು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ, ಈ ವಿಶಾಲ ದೃಶ್ಯವನ್ನೆಲ್ಲ ಒಂದೇ ಪಟವಾಗಿಸುವ ಆಸೆಯಿಂದ ಡಿಜಿಟಲ್ ಕ್ಯಾಮರಾವನ್ನು ಕೈಯಲ್ಲಿ ಹಿಡಿದು ಎಡದಿಂದ ಬಲಕ್ಕೆ ಸಾಲಾಗಿ ಚಿತ್ರಗಳನ್ನು ತೆಗೆದೆವು. ಊರಿಗೆ ಮರಳಿ ಅವನ್ನು ಗಣಕಯಂತ್ರದಲ್ಲಿ ಜೋಡಿಸಿದಾಗ ದೂರದ ಬೆಟ್ಟಗಳೇನೋ ಸರಿಯಾಗಿ ಕೂಡಿಕೊಂಡವು. ಆದರೆ ಸಮೀಪದ ಕಲ್ಲುಕಂಬವೊಂದು ಎರಡು ಹೋಳಾಗಿತ್ತು. ಆಕಾಶದಲ್ಲಿ ಪಟ್ಟೆಗಳು ಮೂಡಿದ್ದವು. ದೋಷ ಯಂತ್ರದ್ದಲ್ಲ, ಭೌತಶಾಸ್ತ್ರವನ್ನು ಬೋಧಿಸಿಯೂ ಅದನ್ನು ಮರೆತ ನಮ್ಮದು!

ಕಂಬ ಹೋಳಾದುದೇಕೆ? ವಾಚಕರು ಒಂದು ಕಣ್ಣನ್ನು ಮುಚ್ಚಿ, ಮುಖದೆದುರು ಬೆರಳನ್ನು ಹಿಡಿದು, ದೂರದ ಕಿಟಕಿಯ ಸರಳೊಂದಕ್ಕೆ ಅದನ್ನು ಸರಿಗಟ್ಟಲಿ. ಈಗ ತಲೆಯನ್ನು ಮೆಲ್ಲನೆ ತಿರುಗಿಸಿದರೆ ಬೆರಳು ಸರಳಿನಿಂದ ಸರಿದಂತೆ ತೋರುತ್ತದೆ. ತಲೆ ತಿರುಗುವಾಗ ಕಣ್ಣು ತಾನಿದ್ದ ಎಡೆಯಿಂದ ಕದಲುವುದೇ ಇದಕ್ಕೆ ಕಾರಣ. ಇದನ್ನು ಪ್ಯಾರಲಾಕ್ಸ್ ಎನ್ನುತ್ತಾರೆ. ಕ್ಯಾಮರಾಕ್ಕೂ ಇದೇ ನಿಯಮ. ಮಸೂರದೊಳಗೆ ಬೆಳಕಿಗೆ ದಾರಿಕೊಡುವ ರಂಧ್ರವು ಮುಂದಿನಿಂದ ನೋಡುವಾಗ ಎಲ್ಲಿರುವಂತೆ ಕಾಣುವುದೋ, ಆ ಬಿಂದುವಿನ ಸುತ್ತ ಕ್ಯಾಮರಾ ತಿರುಗಿದರೆ ಹತ್ತಿರದ ವಸ್ತುವೂ ದೂರದ ವಸ್ತುವೂ ಪರಸ್ಪರ ಕದಲುವುದಿಲ್ಲ. ಆ ಬಿಂದುವನ್ನು ಕಂಡುಹಿಡಿಯುವುದು ಕಷ್ಟವಲ್ಲ. ಹತ್ತಿರದ ಕೋಲನ್ನು ದೂರದ ಕಂಬಕ್ಕೆ ಸರಿಗಟ್ಟಿ, ಮುಕ್ಕಾಲಿಯ ಮೇಲೆ ಕ್ಯಾಮರಾವನ್ನು ತಿರುಗಿಸಿ ನೋಡಬೇಕು. ಕೋಲು ಸರಿದರೆ, ಅದು ನಿಲ್ಲುವವರೆಗೆ ಕ್ಯಾಮರಾವನ್ನು ಹಿಂದಕ್ಕೋ ಮುಂದಕ್ಕೋ ಸರಿಸುತ್ತ ಹೋಗಬೇಕು.

ಎಷ್ಟು ಚಿತ್ರಗಳು ಬೇಕು? 36 ಮಿ.ಮೀ. ಉದ್ದ, 24 ಮಿ.ಮೀ. ಅಗಲದ ಗ್ರಾಹಕವುಳ್ಳ ಕ್ಯಾಮರಾವನ್ನು 50 ಮಿ.ಮೀ. ಮಸೂರದೊಡನೆ ನಿಲುವಾಗಿ ಹಿಡಿದರೆ ಅಡ್ಡಕ್ಕೆ ಸುಮಾರು 27 ಡಿಗ್ರಿಯ ನೋಟ ದೊರೆಯುತ್ತದೆ. ಒಂದು ಚಿತ್ರದ ಮೂರರಲ್ಲೊಂದು ಭಾಗ ಮುಂದಿನ ಚಿತ್ರದಲ್ಲಿಯೂ ಬರುವಂತಿರಬೇಕು. ಆದ್ದರಿಂದ ಪ್ರತಿಸಲವೂ 18 ಡಿಗ್ರಿ ತಿರುಗಿಸಿದರೆ 20 ಚಿತ್ರಗಳಲ್ಲಿ ಸುತ್ತಣ ದಿಗಂತವೆಲ್ಲ ಮುಗಿಯುತ್ತದೆ. ಈ ಸಮಾನ ಭಾಗದಲ್ಲಿರುವ ಗುರುತುಗಳನ್ನು ಹೋಲಿಸಿಯೇ ಗಣಕಯಂತ್ರವು ಚಿತ್ರಗಳನ್ನು ಕೂಡಿಸುತ್ತದೆ. ಯಾರ ನೆರವೂ ಇಲ್ಲದೆ ಯಂತ್ರವೇ ಇದನ್ನು ಮಾಡಬಲ್ಲ ವಿಧಾನವೊಂದನ್ನು ಮ್ಯಾಥ್ಯೂ ಬ್ರೌನ್ ಮತ್ತು ಡೇವಿಡ್ ಲೋವ್ 2003ರಲ್ಲಿ ಪ್ರಕಟಿಸಿದರು.

ಇನ್ನು ಆಕಾಶದ ಪಟ್ಟೆಗಳು. ಸ್ವಯಂಚಾಲಿತ ಕ್ಯಾಮರಾ ಪ್ರತಿ ಚಿತ್ರಕ್ಕೂ ಬೆಳಕನ್ನು ಹೊಸದಾಗಿ ಅಳೆಯುತ್ತದೆ. ಸೂರ್ಯನ ಕಡೆಗೆ ಒಂದು ಅಳತೆ, ಬಂಡೆಯ ನೆರಳಿನ ಕಡೆಗೆ ಮತ್ತೊಂದು. ಆದುದರಿಂದ ಬೆಳಕಿನ ಪ್ರಮಾಣ, ಬಣ್ಣದ ಹದ, ಫೋಕಸ್ ಇವು ಮೂರನ್ನೂ ಮೊದಲೇ ಗೊತ್ತುಮಾಡಿ ಕೊನೆಯವರೆಗೆ ಬದಲಿಸದಿರಬೇಕು. ನೀಲಿಯನ್ನು ಗಾಢಗೊಳಿಸುವ ಪೋಲರಾಯ್ಡ್ ಶೋಧಕವನ್ನೂ ತೆಗೆದಿಡಬೇಕು. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಲ್ಲಿ ಬೆಳಕಿನ ಧ್ರುವೀಕರಣ ಅತ್ಯಧಿಕವಾದ್ದರಿಂದ, ಆ ಭಾಗ ಮಾತ್ರ ಕಪ್ಪಿಟ್ಟು ಕಾಣುತ್ತದೆ.

ಉಳಿದುದು ಕಾಗದದ ತೊಡಕು. ಅಗಲವಾದ ನೋಟವನ್ನು ಚಪ್ಪಟೆಯಾದ ತಲದ ಮೇಲೆ ಮೂಡಿಸಿದರೆ ಅಂಚುಗಳು ವಿಪರೀತ ಹಿಗ್ಗುತ್ತವೆ. 180 ಡಿಗ್ರಿಯ ನೋಟಕ್ಕಂತೂ ಎಷ್ಟು ಉದ್ದದ ಕಾಗದವೂ ಸಾಲದು. ಆದಕಾರಣ ದೃಶ್ಯವನ್ನು ಕೊಳವೆಯೊಂದರ ಒಳಮೈಯಲ್ಲಿ ಮೂಡಿಸಿ, ಅನಂತರ ಕೊಳವೆಯನ್ನು ಬಿಚ್ಚಿ ಹಾಸಿದಂತೆ ಲೆಕ್ಕಹಾಕುತ್ತಾರೆ. ಆಗ ಹಿಗ್ಗುವಿಕೆ ತಪ್ಪುತ್ತದೆ. ಆದರೆ ನೇರವಾದ ಗೋಡೆ ಬಿಲ್ಲಿನಂತೆ ಬಾಗುತ್ತದೆ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಲೇಬೇಕು.

ಈ ಜೋಡಣೆಯ ತತ್ತ್ವ ಭೂಮಿಯ ಎಲ್ಲೆಯನ್ನೂ ದಾಟಿದೆ. 2019ರ ಕೊನೆಯಲ್ಲಿ ಕ್ಯೂರಿಯಾಸಿಟಿ ವಾಹನವು ಮಂಗಳಗ್ರಹದಲ್ಲಿ ತೆಗೆದ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕೂಡಿಸಿ, ಸುಮಾರು 180 ಕೋಟಿ ಬಿಂದುಗಳ ಒಂದೇ ಚಿತ್ರವನ್ನು ರಚಿಸಲಾಯಿತು.

ಮರುವರ್ಷ ನಾವು ಮುಕ್ಕಾಲಿಯನ್ನು ಹೊತ್ತು ಮತಂಗ ಪರ್ವತವನ್ನು ಮತ್ತೆ ಹತ್ತಿದೆವು. ಈ ಸಲ ಕಂಬ ಇಡಿಯಾಗಿ ನಿಂತಿತು, ಆಕಾಶವೂ ಒಂದಾಯಿತು. ಆದರೆ ಕ್ಯಾಮರಾ ತಿರುಗಿದ ಕಡೆಗೇ ನಡೆದುಹೋದ ವಿದ್ಯಾರ್ಥಿಯೊಬ್ಬ ಚಿತ್ರದಲ್ಲಿ ಎರಡೆಡೆ ಕಾಣಿಸಿಕೊಂಡಿದ್ದಾನೆ. ಚಲಿಸುವವರನ್ನು ತಡೆದು ನಿಲ್ಲಿಸಬೇಕೆಂಬ ಪಾಠವನ್ನು ನಾವು ಕಲಿತದ್ದು ಹೀಗೆ.