ಉದ್ದೇಶಿತ ವಸತಿ ಸಮುಚ್ಚಯದಿಂದ ಸಂಚಾರ ಮತ್ತು ವಾಹನ ನಿಲುಗಡೆಗೆ ಆಗುವ ತೊಂದರೆ: ಆಕ್ಷೇಪಣೆ ಸಲ್ಲಿಸುವ ನಾಗರಿಕರಿಗೆ ಮಾಹಿತಿ

ಬಡಾವಣೆಯೊಂದರಲ್ಲಿ ಬಹುಮಹಡಿ ವಸತಿ ಸಮುಚ್ಚಯದ ಪ್ರಸ್ತಾವನೆ ಬಂದಾಗ ನೆರೆಹೊರೆಯ ನಿವಾಸಿಗಳಲ್ಲಿ ಮೊದಲು ಮೂಡುವ ಆತಂಕ ವಾಹನಗಳದ್ದು. ಮನೆಯ ಗೇಟಿಗೆ ಅಡ್ಡಲಾಗಿ ಅಪರಿಚಿತರ ಕಾರು ನಿಲ್ಲುವುದು, ಆಂಬ್ಯುಲೆನ್ಸ್ ಒಳಬರಲಾಗದಿರುವುದು, ಶಾಲಾ ಮಕ್ಕಳು ರಸ್ತೆ ದಾಟಲಾಗದಿರುವುದು ಇವೆಲ್ಲ ನಿಜವಾದ ತೊಂದರೆಗಳೇ. ಆದರೆ "ಸಂಚಾರ ದಟ್ಟಣೆ ಹೆಚ್ಚಾಗುವುದರಿಂದ ಅನುಮತಿ ನೀಡಬಾರದು" ಎಂಬ ಒಂದೇ ಸಾಲಿನ ಮನವಿಯ ಮೇಲೆ ಅಧಿಕಾರಿಯು ನಿಯಮಾನುಸಾರ ಕ್ರಮ ಕೈಗೊಳ್ಳುವುದು ಕಷ್ಟ. ಯಾವ ಹಂತದಲ್ಲಿ, ಯಾವ ಕಚೇರಿಗೆ, ಯಾವ ಅಂಶವನ್ನು ತಿಳಿಸಬೇಕು ಎಂಬುದನ್ನು ಅರ್ಜಿದಾರರು ಮೊದಲೇ ಅರಿತಿರುವುದು ಸೂಕ್ತ.

ರಸ್ತೆಯ ಅಗಲ

ಕಟ್ಟಡವೊಂದು ಎಷ್ಟು ದೊಡ್ಡದಾಗಬಹುದು ಎಂಬುದು ಬಹುಮಟ್ಟಿಗೆ ಅದರ ಮುಂದಿನ ರಸ್ತೆಯ ಅಗಲವನ್ನು ಅವಲಂಬಿಸಿರುತ್ತದೆ. ಬೆಂಗಳೂರಿನಲ್ಲಿ 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆ-2015ರ ವಲಯ ನಿಯಮಾವಳಿಯು ನೆಲ ವಿಸ್ತೀರ್ಣ ಅನುಪಾತವನ್ನು, ಅಂದರೆ ರೂಢಿಯಲ್ಲಿ ಎಫ್.ಎ.ಆರ್. ಎಂದು ಕರೆಯುವ ಪ್ರಮಾಣವನ್ನು, ನಿವೇಶನದ ವಿಸ್ತೀರ್ಣ ಹಾಗೂ ರಸ್ತೆಯ ಅಗಲಕ್ಕೆ ಅನುಗುಣವಾಗಿ ನಿಗದಿಪಡಿಸಿತು. ಆದ್ದರಿಂದ ನಕ್ಷೆಯಲ್ಲಿ ನಮೂದಿಸಿದ ಅಗಲ ಸ್ಥಳದಲ್ಲಿ ಇಲ್ಲವೆಂದು ತೋರಿಸಿಕೊಟ್ಟಲ್ಲಿ ಆಕ್ಷೇಪಣೆಗೆ ಬಲ ಬರುತ್ತದೆ.

ಇಲ್ಲಿ ಅನೇಕರು ಎಡವುವುದುಂಟು. ನಿಯಮದ ಪ್ರಕಾರ ರಸ್ತೆಯ ಅಗಲವೆಂದರೆ ಡಾಂಬರಿನ ಅಗಲವಲ್ಲ. ಚರಂಡಿ ಮತ್ತು ಪಾದಚಾರಿ ಮಾರ್ಗಗಳನ್ನೂ ಒಳಗೊಂಡು ಒಂದು ಬದಿಯ ಗಡಿಯಿಂದ ಮತ್ತೊಂದು ಬದಿಯ ಗಡಿಯವರೆಗಿನ ಅಳತೆ. ಉದಾಹರಣೆಗೆ, ದಾಖಲೆಯಲ್ಲಿ 9 ಮೀಟರ್ ಇರುವ ರಸ್ತೆಯಲ್ಲಿ ಎರಡೂ ಬದಿಗೆ ತಲಾ 1.5 ಮೀಟರ್ ಚರಂಡಿ ಮತ್ತು ಪಾದಚಾರಿ ಮಾರ್ಗಕ್ಕೆ ಹೋದರೆ ವಾಹನಗಳಿಗೆ ಉಳಿಯುವುದು 6 ಮೀಟರ್. ಎರಡೂ ಬದಿಯಲ್ಲಿ ಕಾರುಗಳು ತಲಾ ಸುಮಾರು 2 ಮೀಟರ್ ಆಕ್ರಮಿಸಿ ನಿಂತರೆ ಉಳಿಯುವ 2 ಮೀಟರ್‌ನಲ್ಲಿ ಅಗ್ನಿಶಾಮಕ ವಾಹನ ಸಾಗಲಾರದು. ಹೀಗಾಗಿ ಗಡಿಯಿಂದ ಗಡಿಗೆ ಇರುವ ಅಳತೆ, ಸಂಚಾರಕ್ಕೆ ಲಭ್ಯವಿರುವ ಅಳತೆ ಎರಡನ್ನೂ ಛಾಯಾಚಿತ್ರ ಸಹಿತ ನೀಡಬೇಕು. ಮುಖ್ಯ ರಸ್ತೆ ಸೇರುವವರೆಗೆ ಅತಿ ಕಿರಿದಾದ ಭಾಗ ಎಲ್ಲಿದೆ, ಒತ್ತುವರಿ ಇದೆಯೇ ಎಂಬುದನ್ನೂ ತಿಳಿಸುವುದು ಅಗತ್ಯ. ಬೆಳಿಗ್ಗೆ ಮತ್ತು ಸಂಜೆಯ ದಟ್ಟಣೆಯ ವೇಳೆಯಲ್ಲಿ ಕೆಲವು ದಿನ ವಾಹನಗಳನ್ನು ಎಣಿಸಿ ಪಟ್ಟಿ ಲಗತ್ತಿಸಿದರೆ ಇನ್ನೂ ಉತ್ತಮ.

ಆಕ್ಷೇಪಣೆಗೆ ಅವಕಾಶವಿರುವ ಹಂತ

ಜಮೀನಿನ ಭೂ ಉಪಯೋಗವನ್ನು ವಸತಿಗೆ ಬದಲಾಯಿಸಬೇಕಾದ ಸಂದರ್ಭದಲ್ಲಿ, ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 14-ಎ ಪ್ರಕರಣದ ಅನ್ವಯ ಯೋಜನಾ ಪ್ರಾಧಿಕಾರವು ದಿನಪತ್ರಿಕೆಯಲ್ಲಿ ಪ್ರಕಟಣೆ ನೀಡಿ, ಕನಿಷ್ಠ 15 ದಿನಗಳ ಕಾಲಾವಕಾಶದೊಂದಿಗೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸತಕ್ಕದ್ದು. ಈ ಅವಧಿ ಚಿಕ್ಕದು. ಪ್ರಕಟಣೆಯನ್ನು ಗಮನಿಸದೆ ಅವಕಾಶ ಕಳೆದುಕೊಂಡರೆ ನಂತರ ಹಾದಿ ದೀರ್ಘ. ಜಮೀನು ಈಗಾಗಲೇ ವಸತಿ ವಲಯದಲ್ಲಿದ್ದರೆ ಇಂತಹ ಪ್ರಕಟಣೆ ಇರುವುದಿಲ್ಲ. ಕಟ್ಟಡ ನಕ್ಷೆ ಮಂಜೂರಾತಿಯು ನಿಯಮಗಳ ಪಾಲನೆಯ ಪರಿಶೀಲನೆಯಾಗಿದ್ದು, ಅದು ನೆರೆಹೊರೆಯವರ ಒಪ್ಪಿಗೆಯನ್ನು ಅವಲಂಬಿಸಿರುವುದಿಲ್ಲ.

ನಿರ್ಮಿತ ವಿಸ್ತೀರ್ಣವು 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ, ಕೇಂದ್ರ ಸರ್ಕಾರದ 14 ಸೆಪ್ಟೆಂಬರ್ 2006ರ ಪರಿಸರ ಪರಿಣಾಮ ಅಂದಾಜೀಕರಣ ಅಧಿಸೂಚನೆಯಂತೆ ಪೂರ್ವ ಪರಿಸರ ಅನುಮತಿ ಪಡೆಯಬೇಕು. ಕಟ್ಟಡ ಯೋಜನೆಗಳಿಗೆ ಈ ಅಧಿಸೂಚನೆಯು ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡಿದೆ. ಆದಾಗ್ಯೂ, ಯೋಜನೆಯಿಂದ ವಾಹನ ನಿಲುಗಡೆ ಸ್ಥಳದ ಕೊರತೆ ಉಂಟಾಗುವುದೇ, ಪ್ರವೇಶ ಮತ್ತು ನಿರ್ಗಮನ ದ್ವಾರಗಳಲ್ಲಿ ಸಂಚಾರ ನಿರ್ವಹಣೆ ಹೇಗೆ ಎಂಬ ಪ್ರಶ್ನೆಗಳು ಅದರೊಂದಿಗಿನ ನಮೂನೆ 1-ಎ ಯಲ್ಲಿಯೇ ಇವೆ. ನಿರ್ಮಾಣದಾರರು ಅದಕ್ಕೆ ಕೊಟ್ಟ ಉತ್ತರವನ್ನು ಸ್ಥಳದ ವಾಸ್ತವದೊಂದಿಗೆ ಹೋಲಿಸಿ, ತಪ್ಪಿದ್ದಲ್ಲಿ ರಾಜ್ಯ ಮಟ್ಟದ ಪರಿಸರ ಪರಿಣಾಮ ಅಂದಾಜೀಕರಣ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಬಹುದು.

ನಿಲುಗಡೆ ಸ್ಥಳದ ಲೆಕ್ಕ

ಮಂಜೂರಾದ ನಕ್ಷೆಯಲ್ಲಿ ಎಷ್ಟು ಕಾರುಗಳಿಗೆ ಸ್ಥಳ ತೋರಿಸಲಾಗಿದೆ ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. 2016ರ ರೇರಾ ಅಧಿನಿಯಮದಡಿ ನೋಂದಣಿಯಾದ ಯೋಜನೆಯ ವಿವರಗಳು ಪ್ರಾಧಿಕಾರದ ಜಾಲತಾಣದಲ್ಲಿಯೂ ಲಭ್ಯ. ನಕ್ಷೆಯಲ್ಲಿ ನಿಲುಗಡೆಗೆಂದು ತೋರಿಸಿದ ನೆಲಮಾಳಿಗೆಯಲ್ಲಿ ಮುಂದೆ ಅಂಗಡಿ ಅಥವಾ ಗೋದಾಮು ತಲೆಯೆತ್ತಿದರೆ ಕಾರುಗಳು ಬೀದಿಗೆ ಬರುವುದು ಸಹಜ. ಇದನ್ನು ಸ್ವಾಧೀನಾನುಭವ ಪತ್ರ ನೀಡುವ ಮೊದಲೇ ಸ್ಥಳೀಯ ಸಂಸ್ಥೆಯ ಗಮನಕ್ಕೆ ತರಬೇಕು. ಈ ಪತ್ರವಿಲ್ಲದೆ ಕಟ್ಟಡಗಳಿಗೆ ವಿದ್ಯುತ್, ನೀರು ಮತ್ತು ಒಳಚರಂಡಿ ಸಂಪರ್ಕ ನೀಡಬಾರದೆಂದು ಸರ್ವೋಚ್ಚ ನ್ಯಾಯಾಲಯವು ಡಿಸೆಂಬರ್ 2024ರಲ್ಲಿ ನಿರ್ದೇಶಿಸಿರುವುದರಿಂದ, ಈ ಹಂತದ ದೂರಿಗೆ ಮಹತ್ವ ಹೆಚ್ಚಿದೆ.

ಬೀದಿಯಲ್ಲಿ ಅಡ್ಡಾದಿಡ್ಡಿಯಾಗಿ ನಿಲ್ಲುವ ವಾಹನಗಳ ವಿಷಯವು ಸಂಚಾರ ಪೊಲೀಸರಿಗೆ ಸೇರಿದ್ದು. ಮೋಟಾರು ವಾಹನಗಳ ಅಧಿನಿಯಮ, 1988ರ 122 ಮತ್ತು 127ನೇ ಪ್ರಕರಣಗಳು ಇದಕ್ಕೆ ಅನ್ವಯಿಸುತ್ತವೆ. ಆದರೆ ದೂರು ನೀಡುವ ನಿವಾಸಿಗಳು ತಮ್ಮ ಮನೆಯ ಮುಂದಿನ ರಸ್ತೆಯೂ ಸಾರ್ವಜನಿಕ ರಸ್ತೆಯೇ ಎಂಬುದನ್ನು ಮರೆಯಬಾರದು. ಹೂಕುಂಡ, ಕಲ್ಲು ಅಥವಾ ಸ್ವಂತ ಫಲಕವಿಟ್ಟು ಜಾಗ ಕಾಯ್ದಿರಿಸಿಕೊಳ್ಳಲು ಅವರಿಗೂ ಹಕ್ಕಿಲ್ಲ. ಸ್ಥಳ ಪರಿಶೀಲನೆಯ ವೇಳೆ ಇವು ಕಂಡುಬಂದರೆ ದೂರೇ ದುರ್ಬಲವಾಗುತ್ತದೆ.

ಬೆಂಗಳೂರಿನಲ್ಲಿ 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾಗಿರುವುದರಿಂದ, ಸ್ಥಳವು ಯಾವ ಪಾಲಿಕೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಖಚಿತಪಡಿಸಿಕೊಂಡು ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ಸರ್ವೆ ಸಂಖ್ಯೆ ಅಥವಾ ಖಾತಾ ವಿವರ, ರಸ್ತೆಯ ಹೆಸರು ಮತ್ತು ಅಳತೆಗಳನ್ನು ನಮೂದಿಸಿ, ದಿನಾಂಕವುಳ್ಳ ಸ್ವೀಕೃತಿಯನ್ನು ಕಚೇರಿಯಿಂದ ಪಡೆದುಕೊಳ್ಳಬೇಕು.